ಕೀಬೋರ್ಡು, ಪ್ಯಾಡು, ತಂಬೂರಿ: ಯಂತ್ರನಾದವನ್ನು ಹಿಡಿದಿಡುವ ಬಗೆ

ರಾಯಚೂರಿನಿಂದ ಲಿಂಗಸುಗೂರಿನ ದಾರಿ ಹಿಡಿದರೆ ಹತ್ತಿರದಲ್ಲೇ ಸಿಗುವ ಊರು ಕಲ್ಮಲ. ಮಾನ್ವಿ, ಸಿಂಧನೂರಿನ ಕಡೆಗೆ ಹೋಗುವ ರಸ್ತೆ ಒಡೆದುಕೊಳ್ಳುವುದು ಇಲ್ಲೇ. ಜಾತ್ರೆ, ಉರುಸು, ಗಣೇಶನ ಹಬ್ಬದ ದಿನಗಳಲ್ಲಿ ಈ ಸುತ್ತಿನ ಊರುಗಳಲ್ಲೂ ಆಚೆ ದೇವದುರ್ಗ, ಮಾನ್ವಿ ತಾಲ್ಲೂಕುಗಳಲ್ಲೂ ರಾತ್ರಿ ರಸಮಂಜರಿಯ ವೇದಿಕೆ ಏಳುತ್ತದೆ. ಒಂದು ಬದಿಗೆ ಕೀಬೋರ್ಡಿನ ಸ್ಟ್ಯಾಂಡು, ಇನ್ನೊಂದು ಬದಿಗೆ ರಿದಮ್ ಪ್ಯಾಡು, ಅದರ ಮಗ್ಗುಲಲ್ಲಿ ಢೋಲಕ್ಕು, ಮುಂದೆ ಹಾಡುವವರ ಮೈಕು, ಕೆಳಗೆ ಸೌಂಡ್‌ನವರ ಮಿಕ್ಸರು. ಸಿನಿಮಾ ಹಾಡು, ತತ್ವಪದ, ಜಾನಪದ ಗೀತೆ ಎಲ್ಲವೂ ಈ ಯಂತ್ರಗಳನ್ನು ಹಾದುಕೊಂಡೇ ಜನರ ಕಿವಿಗೆ ಬೀಳುತ್ತವೆ.

ಎಲೆಕ್ಟ್ರಾನಿಕ್ ಸಂಗೀತವೆಂದರೆ ಬೇರೆ ದೇಶದ ಕ್ಲಬ್ಬುಗಳಲ್ಲಿ ಬಾರಿಸುವಂಥದ್ದು ಎಂಬ ಭಾವನೆ ಇನ್ನೂ ಹೋಗಿಲ್ಲ. ಆದರೆ ಈ ವೇದಿಕೆಯಲ್ಲಿ ನಡೆಯುವುದೂ ಅದೇ. ಕಂಪ್ಯೂಟರಿನ ಮುಂದೆ ಕೂತು ಹೊಂದಿಸಿದ್ದಲ್ಲ ಇದು. ಗುಂಡಿ ಒತ್ತಿ, ಕೋಲಿನಿಂದ ಬಾರಿಸಿ, ಆ ಗಳಿಗೆಯಲ್ಲೇ ಹುಟ್ಟಿಸಿದ ನಾದ. ಬೆಳಗಾಗುವಷ್ಟರಲ್ಲಿ ಸಾಮಾನು ಗಾಡಿ ಏರಿರುತ್ತದೆ. ಆ ರಾತ್ರಿಯ ಗುರುತಾಗಿ ಉಳಿಯುವುದು ಮೊಬೈಲಿನಲ್ಲಿ ಹಿಡಿದ, ದನಿ ಒಡೆದ ಒಂದೆರಡು ವಿಡಿಯೊ ಮಾತ್ರ. ಈ ಕಲಾವಿದರ ಕೈಚಳಕಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಲ್ಲಬೇಕು. ಅದಕ್ಕೆ ದೊಡ್ಡ ಸ್ಟುಡಿಯೊ ಬೇಕಿಲ್ಲ. ತಂತಿಗಳಲ್ಲಿ ಓಡುವ ಸಂಕೇತವನ್ನು ಅರಿತು ನಡೆಸುವ ಶಿಸ್ತು, ವಾದ್ಯ ವಾದ್ಯಗಳ ನಡುವೆ ಜಾಗ ಬಿಡುವ ಕಿವಿ, ಇವೆರಡಿದ್ದರೆ ಸಾಕು.

ತಂಬೂರಿಯಿಂದ ಸರ್ಕ್ಯೂಟಿಗೆ

ಇದು ದಾಸರ ಸೀಮೆ. ವಿಜಯದಾಸರ ಚೀಕಲಪರ್ವಿ ಮಾನ್ವಿ ತಾಲ್ಲೂಕಿನದು, ಗೋಪಾಲದಾಸರ ಮೊಸರಕಲ್ಲು ದೇವದುರ್ಗ ತಾಲ್ಲೂಕಿನದು. ಜಗನ್ನಾಥದಾಸರು ನೆಲೆ ನಿಂತದ್ದು ಮಾನ್ವಿಯಲ್ಲಿ. ಹೆಗಲ ಮೇಲೆ ತಂಬೂರಿ, ಕೈಯಲ್ಲಿ ಚಿಟಿಕೆ, ಕಾಲಲ್ಲಿ ಗೆಜ್ಜೆ: ಶ್ರುತಿ, ತಾಳ ಎರಡನ್ನೂ ಹಾಡುವವರೇ ಹೊತ್ತು ತಿರುಗಿದ ಪರಂಪರೆ ಇದು. ಇಂದು ಭಜನಾ ಮಂಡಳಿಯವರ ಚೀಲದಲ್ಲಿರುವ ಸಣ್ಣ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯೂ ಅದೇ ಕೆಲಸ ಮಾಡುತ್ತಿದೆ, ಅದು ಹುಟ್ಟಿದ್ದೂ ಕನ್ನಡ ನಾಡಿನಲ್ಲೇ. ಎಂಜಿನಿಯರೂ ಕೊಳಲುವಾದಕರೂ ಆದ ಜಿ. ರಾಜ್ ನಾರಾಯಣ್ ಅವರು 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದರು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ದೇಶದ ಸಂಗೀತಗಾರರ ಮನೆಮನೆಗೂ ಹೋದವು. ಆಮೇಲೆ ತಾಳ ನುಡಿಸುವ ಪೆಟ್ಟಿಗೆಯೂ ಬಂತು. ನಮ್ಮ ಸಂಗೀತ ಈ ಎಲೆಕ್ಟ್ರಾನಿಕ್ ಯಂತ್ರವನ್ನು ಕರೆದದ್ದು ಸುಮ್ಮನೆ ಸದ್ದು ಮಾಡಲೆಂದಲ್ಲ, ಶ್ರುತಿ ಹಿಡಿದು ನಿಲ್ಲಲೆಂದು ಎಂಬುದನ್ನು ಮರೆಯಬಾರದು.

ದೇಶದಲ್ಲಿ ಇದಕ್ಕೂ ಹಳೆಯ ಪ್ರಯೋಗಗಳಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ನೆರವಿನಿಂದ ಒಂದು ಎಲೆಕ್ಟ್ರಾನಿಕ್ ಸ್ಟುಡಿಯೊ ಶುರುವಾಯಿತು. ಮೂಗ್ ಸಿಂಥಸೈಜರ್ ಮತ್ತು ಟೇಪ್ ಯಂತ್ರಗಳ ಮುಂದೆ ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಜಿನರಾಜ್ ಜೋಶಿಪುರ ಮೊದಲಾದವರು ಕೆಲಸ ಮಾಡಿದರು. ಆಮೇಲೆ ಮುಂಬೈಯ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಒಟ್ಟಿಗಿಟ್ಟು ಹತ್ತು ರಾಗಗಳ ಒಂದು ಧ್ವನಿಮುದ್ರಿಕೆ ಮಾಡಿದರು. ತಾಳಕ್ಕೆ ಟಿಆರ್-808, ಕೆಳಸ್ವರದ ಓಟಕ್ಕೆ ಟಿಬಿ-303, ರಾಗಕ್ಕೆ ಜುಪಿಟರ್-8. ಆಗ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. 2010ರಲ್ಲಿ ಮರುಬಿಡುಗಡೆಯಾದಾಗ ಜಗತ್ತಿನ ಕೇಳುಗರು ಬೆರಗಾದರು. ಆ ಧ್ವನಿಮುದ್ರಿಕೆ ಇಂದಿಗೂ ತಿಳಿಯಾಗಿ ಕೇಳುವುದಕ್ಕೆ ಒಂದು ಕಾರಣ ಅದರಲ್ಲಿರುವ ಯಂತ್ರಗಳು ಕಡಿಮೆ, ಒಂದರ ಜಾಗಕ್ಕೆ ಇನ್ನೊಂದು ಕಾಲಿಡುವುದಿಲ್ಲ ಎಂಬುದು. ಮಿಕ್ಸಿಂಗಿನ ಅರ್ಧ ಕೆಲಸ ಇಂಥ ಆಯ್ಕೆಯಲ್ಲೇ ಮುಗಿದಿರುತ್ತದೆ.

ಕನ್ನಡದ ಕೇಳುಗರಿಗೆ ಈ ನಾದ ಹತ್ತಿರವಾದದ್ದು ಸಿನಿಮಾದಿಂದ. ಹಾಡುಗಳ ಧ್ವನಿಮುದ್ರಣಕ್ಕೆ ಮದ್ರಾಸಿಗೇ ಹೋಗಬೇಕಾಗಿದ್ದ ಕಾಲದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದರು. 1987ರಲ್ಲಿ ಹಂಸಲೇಖರ ಸಂಗೀತದ ‘ಪ್ರೇಮಲೋಕ’ ಬಂತು, ಅದರ ಕ್ಯಾಸೆಟ್ಟು ಊರೂರಿಗೆ ಹರಿಯಿತು. ಆ ಬಗೆಯ ಹಾಡುಗಳನ್ನು ವೇದಿಕೆಯ ಮೇಲೆ ನಾಲ್ಕೈದೇ ಜನ ನುಡಿಸಬೇಕಾದಾಗ ಕೀಬೋರ್ಡು, ಪ್ಯಾಡು ಇಲ್ಲದೆ ಆಗುವಂತಿರಲಿಲ್ಲ. ಜಗತ್ತಿನ ಬೇರೆಡೆಯಲ್ಲೂ ಆ ದಶಕವೇ ತಿರುವಿನದು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲು ಅನುವಾಗುವ ಮಿಡಿ ಪದ್ಧತಿ 1983ರಲ್ಲಿ ಜಾರಿಗೆ ಬಂತು, ರೋಲ್ಯಾಂಡಿನ ಮೊದಲ ಆಕ್ಟಾಪ್ಯಾಡು 1985ರಲ್ಲಿ. ಎಂಟು ರಬ್ಬರಿನ ಚೌಕಗಳ ಆ ಪೆಟ್ಟಿಗೆಯ ಹೆಸರೇ ನಮ್ಮ ಕಡೆ ಎಲ್ಲ ರಿದಮ್ ಪ್ಯಾಡುಗಳಿಗೂ ಹೆಸರಾಗಿಬಿಟ್ಟಿದೆ.

ಮೊದಲು ತಂತಿ, ಆಮೇಲೆ ಸಂಗೀತ

ಕೀಬೋರ್ಡಿನ ದನಿ ಗಾಳಿಯಲ್ಲಿ ಹುಟ್ಟುವುದಿಲ್ಲ, ತಂತಿಯಲ್ಲಿ ಹುಟ್ಟುತ್ತದೆ. ಆದ್ದರಿಂದ ಅದರ ಸ್ಪೀಕರಿನ ಮುಂದೆ ಮೈಕು ಹಿಡಿಯುವುದಕ್ಕಿಂತ ಹಿಂಬದಿಯ ಲೈನ್ ಔಟಿನಿಂದ ನೇರವಾಗಿ ತೆಗೆದುಕೊಳ್ಳುವುದು ಮೇಲು. ಶ್ರುತಿಪೆಟ್ಟಿಗೆಗೂ ಇದೇ ಮಾತು. ಅದರಲ್ಲಿ ಲೈನ್ ಔಟ್ ಇದ್ದರೂ ಅನೇಕರು ಪೆಟ್ಟಿಗೆಯ ಮುಂದೆ ಮೈಕು ನಿಲ್ಲಿಸುತ್ತಾರೆ. ಆ ಮೈಕು ತಂಬೂರಿಯ ಜೊತೆಗೆ ಢೋಲಕ್ಕನ್ನೂ ಜನರ ಗದ್ದಲವನ್ನೂ ಎಳೆದುಕೊಂಡು ಬರುತ್ತದೆ.

ಮೈಕಿನಿಂದ ಬರುವ ಸಂಕೇತ ಕೆಲವೇ ಮಿಲಿವೋಲ್ಟಿನದು. ಲೈನ್ ಔಟಿನದು ಅದಕ್ಕಿಂತ ನೂರಾರು ಪಟ್ಟು ದೊಡ್ಡದು, ಹತ್ತಿರ ಹತ್ತಿರ ಒಂದು ವೋಲ್ಟಿನವರೆಗೂ ಹೋಗುತ್ತದೆ. ಲೈನಿನ ಪಿನ್ನನ್ನು ಮೈಕಿನ ಗೇನ್ ತೆರೆದಿಟ್ಟ ಚಾನೆಲ್ಲಿಗೆ ಚುಚ್ಚಿದರೆ ದನಿ ಅಲ್ಲೇ ಒಡೆಯುತ್ತದೆ. ಒಡೆದ ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರೂ ಪೂರ್ತಿ ಸರಿಪಡಿಸಲಾರದು. ಕೀಬೋರ್ಡಿನ ವಾಲ್ಯೂಮನ್ನು ಮುಕ್ಕಾಲು ಭಾಗಕ್ಕೆ ಏರಿಸಿ ಅಲ್ಲೇ ಬಿಡಬೇಕು, ಉಳಿದ ಹೊಂದಾಣಿಕೆಯನ್ನು ಮಿಕ್ಸರಿನ ಗೇನಿನಲ್ಲಿ ಮಾಡಬೇಕು. ವಾಲ್ಯೂಮನ್ನು ತೀರಾ ಕೆಳಗಿಟ್ಟು ಗೇನ್ ಏರಿಸಿದರೆ ವಾದ್ಯದ ಜೊತೆಗೆ ಅದರೊಳಗಿನ ಗುಸುಗುಸು ಸದ್ದೂ ಏರುತ್ತದೆ. ಮಟ್ಟ ನೋಡುವಾಗ ಆ ರಾತ್ರಿಯ ಅತಿ ಜೋರಿನ ಹಾಡನ್ನೇ ನುಡಿಸಿಸಬೇಕು. ಮೀಟರಿನ ಮುಳ್ಳು ಗರಿಷ್ಠವೆಂದರೆ ಮೈನಸ್ 12 ಡೆಸಿಬೆಲ್ ಹತ್ತಿರ ನಿಂತರೆ ಸಾಕು. 24 ಬಿಟ್ಟಿನ ಧ್ವನಿಮುದ್ರಣದಲ್ಲಿ ಮೆಲುದನಿಗೂ ಜೋರುದನಿಗೂ ನಡುವೆ ಲೆಕ್ಕದಲ್ಲಿ 144 ಡೆಸಿಬೆಲ್ ಅಂತರವಿದೆ, ಹಳೆಯ 16 ಬಿಟ್ಟಿನಲ್ಲಿ ಇದ್ದದ್ದು 96. ಅಷ್ಟು ಜಾಗವಿರುವಾಗ ಕೆಂಪು ದೀಪದ ತನಕ ಏರಿಸಿ ಅಪಾಯ ತಂದುಕೊಳ್ಳುವ ಕಾರಣವೇ ಇಲ್ಲ.

ಇನ್ನು ಹಮ್ಮಿಂಗಿನ ಕಾಟ. ಕೃಷ್ಣೆಯ ದಡದ ಶಕ್ತಿನಗರದಲ್ಲಿ 1,720 ಮೆಗಾವಾಟ್ ಸಾಮರ್ಥ್ಯದ ಶಾಖೋತ್ಪನ್ನ ಕೇಂದ್ರವಿರುವ ಜಿಲ್ಲೆಯಿದು. ಆದರೆ ಹಳ್ಳಿಯ ವೇದಿಕೆಗೆ ಕರೆಂಟು ಬರುವುದು ಉದ್ದನೆಯ ವೈರಿನಿಂದ, ಇಲ್ಲವೇ ಜನರೇಟರಿನಿಂದ. ಕೀಬೋರ್ಡಿಗೊಂದು ಕಡೆಯಿಂದ, ಮಿಕ್ಸರಿಗೆ ಇನ್ನೊಂದು ಕಡೆಯಿಂದ ಕರೆಂಟು ಕೊಟ್ಟಾಗ ಎರಡು ಅರ್ಥಿಂಗಿನ ನಡುವೆ ಆಡಿಯೊ ತಂತಿಯ ಮೂಲಕ ಒಂದು ಸುತ್ತು ಏರ್ಪಡುತ್ತದೆ. ನಮ್ಮ ವಿದ್ಯುತ್ತಿನ ಆವರ್ತನ 50 ಹರ್ಟ್ಸ್ ಆದ್ದರಿಂದ ಗುಂಯ್ ಎನ್ನುವ ಸದ್ದು 50, 100, 150 ಹರ್ಟ್ಸಿನಲ್ಲಿ ಕೂತುಬಿಡುತ್ತದೆ. 50 ಹರ್ಟ್ಸ್ ಕೀಬೋರ್ಡಿನ ಯಾವ ಮನೆಗೂ ಸರಿಯಾಗಿ ಹೊಂದದ ಸ್ವರ. ಕೀಬೋರ್ಡಿನ ಯಾವ ಮನೆಯನ್ನು ಶ್ರುತಿಯಾಗಿಟ್ಟು ಹಾಡಿದರೂ ಅದು ಅಪಸ್ವರವೇ.

ಪರಿಹಾರ ಸರಳ. ವೇದಿಕೆಯ ವಾದ್ಯಗಳಿಗೂ ಮಿಕ್ಸರಿಗೂ ಒಂದೇ ಬೋರ್ಡಿನಿಂದ ಕರೆಂಟು ಕೊಡಬೇಕು. ಕೀಬೋರ್ಡಿನಿಂದ ಡಿಐ ಬಾಕ್ಸಿನವರೆಗೆ ಗಿಡ್ಡನೆಯ ಕೇಬಲ್ ಹಾಕಿ, ಅಲ್ಲಿಂದ ಮಿಕ್ಸರಿಗೆ ಮೈಕಿನ ಮೂರು ಪಿನ್ನಿನ ಕೇಬಲ್ ಎಳೆಯಬೇಕು. ಡಿಐ ಬಾಕ್ಸು ಒಂದೇ ಸಂಕೇತವನ್ನು ನೇರವಾಗಿಯೂ ತಲೆಕೆಳಗಾಗಿಯೂ ಎರಡು ತಂತಿಯಲ್ಲಿ ಕಳಿಸುತ್ತದೆ. ದಾರಿಯಲ್ಲಿ ಸೇರಿದ ಸದ್ದು ಎರಡರಲ್ಲೂ ಒಂದೇ ರೀತಿ ಇರುವುದರಿಂದ ಮಿಕ್ಸರಿನಲ್ಲಿ ಅದು ಪರಸ್ಪರ ಅಳಿಸಿಹೋಗುತ್ತದೆ. ಬಾಕ್ಸಿನ ಮೇಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಒತ್ತಿದರೆ ಆಡಿಯೊ ತಂತಿಯ ಆ ಸುತ್ತಷ್ಟೇ ತುಂಡಾಗುತ್ತದೆ. ಹಮ್ಮಿಂಗ್ ಹೋಗಲೆಂದು ಕರೆಂಟಿನ ಪ್ಲಗ್ಗಿನ ಅರ್ಥ್ ಪಿನ್ ಮುರಿಯುವುದು, ಅರ್ಥ್ ವೈರ್ ಕಿತ್ತು ಹಾಕುವುದು ಮಾತ್ರ ಎಂದಿಗೂ ಕೂಡದು. ಮಳೆ ಬಿದ್ದ ವೇದಿಕೆಯಲ್ಲಿ ಮೈಕು ಹಿಡಿದು ನಿಂತವರ ಜೀವ ಉಳಿಸುವುದು ಆ ಪಿನ್ನೇ.

ಒಬ್ಬೊಬ್ಬರಿಗೂ ಒಂದೊಂದು ಟ್ರ್ಯಾಕ್

ಜನರಿಗೆ ಕೇಳಿಸಲು ಮಾಡಿದ ಮಿಕ್ಸನ್ನೇ ಎರಡು ಟ್ರ್ಯಾಕಿನಲ್ಲಿ ಹಿಡಿದರೆ ಅದು ಆ ಮೈದಾನಕ್ಕಷ್ಟೇ ಸರಿಯಾಗಿರುತ್ತದೆ. ಢೋಲಕ್ಕು ವೇದಿಕೆಯಿಂದಲೇ ಜೋರಾಗಿ ಕೇಳುವುದರಿಂದ ಸೌಂಡ್‌ನವರು ಅದಕ್ಕೆ ಮಿಕ್ಸರಿನಲ್ಲಿ ಕಡಿಮೆ ಕೊಟ್ಟಿರುತ್ತಾರೆ. ಮನೆಗೆ ಬಂದು ಕೇಳಿದರೆ ಢೋಲಕ್ಕೇ ಇಲ್ಲ, ಹಾಡುವವರ ದನಿಯೊಂದೇ ಮುಂದೆ ನಿಂತಿರುತ್ತದೆ. ಈಗಿನ ಅನೇಕ ಡಿಜಿಟಲ್ ಮಿಕ್ಸರುಗಳು ಪ್ರತಿ ಚಾನೆಲ್ಲನ್ನೂ ಯುಎಸ್‌ಬಿ ಮೂಲಕ ಬೇರೆ ಬೇರೆಯಾಗಿ ಲ್ಯಾಪ್‌ಟಾಪಿಗೆ ಕೊಡುತ್ತವೆ, ಕೆಲವು ನೇರವಾಗಿ ಕಾರ್ಡಿಗೇ ಬರೆಯುತ್ತವೆ. 48 ಕಿಲೋಹರ್ಟ್ಸ್, 24 ಬಿಟ್ಟಿನಲ್ಲಿ ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಮೆಗಾಬೈಟ್ ಬೇಕು. 16 ಟ್ರ್ಯಾಕಿಗೆ ಗಂಟೆಗೆ 8.3 ಗಿಗಾಬೈಟ್. ನಾಲ್ಕು ತಾಸಿನ ರಸಮಂಜರಿ 64 ಗಿಗಾಬೈಟಿನ ಒಂದು ಕಾರ್ಡಿನಲ್ಲಿ ಹಿಡಿಸುತ್ತದೆ.

ರಿದಮ್ ಪ್ಯಾಡಿಗೆ ಎಡ, ಬಲ ಎರಡೇ ದಾರಿ ಇದ್ದರೂ ಅವನ್ನು ಜಾಣತನದಿಂದ ಬಳಸಬಹುದು. ಕಿಕ್ ಡ್ರಮ್ಮಿನ ದನಿಯನ್ನು ಪೂರ್ತಿ ಎಡಕ್ಕೆ, ಉಳಿದ ಢೋಲಕ್, ತಾಳ, ತಮಟೆಯ ದನಿಗಳನ್ನು ಪೂರ್ತಿ ಬಲಕ್ಕೆ ಇಟ್ಟರೆ ಎರಡು ಸ್ವತಂತ್ರ ಟ್ರ್ಯಾಕ್ ಸಿಕ್ಕಂತಾಯಿತು. ಆಮೇಲೆ ಎರಡನ್ನೂ ನಡುವಿಗೆ ತಂದು ಬೇಕಾದಷ್ಟು ಹದ ಮಾಡಬಹುದು.

ಕೀಬೋರ್ಡಿನೊಳಗಿನ ರಿವರ್ಬ್, ಎಕೋಗಳನ್ನು ಧ್ವನಿಮುದ್ರಣದ ಹೊತ್ತಿಗೆ ಕಡಿಮೆ ಮಾಡುವುದು ಒಳ್ಳೆಯದು. ಒಣ ದನಿಗೆ ಆಮೇಲೆ ಗುಂಗು ಸೇರಿಸಬಹುದು, ಗುಂಗಿನಲ್ಲಿ ಅದ್ದಿದ ದನಿಯನ್ನು ಒಣಗಿಸಲಾಗದು. ಆದರೆ ಆ ಎಕೋ ನುಡಿಸಾಣಿಕೆಯ ಭಾಗವೇ ಆಗಿದ್ದರೆ, ಮರುದನಿಯ ಲಯಕ್ಕೆ ತಕ್ಕಂತೆ ಬೆರಳು ಆಡುತ್ತಿದ್ದರೆ, ಅದನ್ನು ಮುಟ್ಟಬಾರದು. ಅದು ಕಲಾವಿದರ ತೀರ್ಮಾನ.

ಸಾಧ್ಯವಿದ್ದಲ್ಲಿ ಮಿಡಿಯನ್ನೂ ಜೊತೆಗೆ ದಾಖಲಿಸಬೇಕು. ಮಿಡಿಯಲ್ಲಿ ದನಿ ಇರುವುದಿಲ್ಲ. ಯಾವ ಮನೆ, ಯಾವ ಕ್ಷಣ, ಎಷ್ಟು ಒತ್ತು ಎಂಬ ಲೆಕ್ಕ ಇರುತ್ತದೆ. ಒತ್ತಿನ ಅಳತೆ 0ಯಿಂದ 127ರವರೆಗೆ. ಒಂದು ಪದಕ್ಕೆ ಶಹನಾಯಿಯ ದನಿ ಸರಿಹೊಂದಲಿಲ್ಲ ಎನಿಸಿದರೆ ಅದೇ ನುಡಿಸಾಣಿಕೆಯನ್ನು ಆಮೇಲೆ ಕೊಳಲಿನ ದನಿಗೆ ಬದಲಿಸಬಹುದು. ಇನ್ನೊಂದು ಉಪಯೋಗವೂ ಇದೆ: ಹಿರಿಯ ಕೀಬೋರ್ಡ್ ವಾದಕರ ಬೆರಳಿನ ನಡೆಯನ್ನು ಕಲಿಯುವ ಹುಡುಗರು ಒಂದೊಂದೇ ಸ್ವರವಾಗಿ ಬಿಡಿಸಿ ನೋಡಬಹುದು.

ಜನರ ನಡುವೆಯೂ ಎರಡು ಮೈಕು ಬೇಕು. ತಂತಿಯಿಂದ ಬಂದ ದನಿ ಸ್ವಚ್ಛವಾಗಿರುತ್ತದೆ, ಆದರೆ ಅದರಲ್ಲಿ ಮೈದಾನವಿಲ್ಲ. ಶಿಳ್ಳೆ, ಚಪ್ಪಾಳೆ, ಮತ್ತೊಮ್ಮೆ ಹಾಡೆಂದು ಕೂಗುವ ಹಟ ಇಲ್ಲದ ರಸಮಂಜರಿ ಬರಿ ಅಭ್ಯಾಸದ ಪಾಠ. ಸ್ಪೀಕರಿನಿಂದ 17 ಮೀಟರ್ ದೂರದ ಮೈಕಿಗೆ ದನಿ ಸುಮಾರು 50 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಮಿಕ್ಸಿಂಗಿನಲ್ಲಿ ಆ ಟ್ರ್ಯಾಕನ್ನು ಅಷ್ಟು ಬೇಗ ಬರುವಂತೆ ಸರಿಸಿದರೆ ತಾಳ ಎರಡೆರಡಾಗಿ ಕೇಳುವುದು ನಿಲ್ಲುತ್ತದೆ.

ಒಂದರ ಜಾಗಕ್ಕೆ ಇನ್ನೊಂದು ಬರದಂತೆ

ಮಿಕ್ಸಿಂಗ್ ಅಂದರೆ ಎಲ್ಲವನ್ನೂ ಜೋರು ಮಾಡುವುದಲ್ಲ. ಮೊದಲು ಈಕ್ವಲೈಸರ್ ಮುಟ್ಟದೆ ಬರಿ ಫೇಡರುಗಳಿಂದಲೇ ಹಾಡನ್ನು ನಿಲ್ಲಿಸಬೇಕು. ಹಾಡುವವರ ಮಾತು ಸ್ಪಷ್ಟವಾಗುವವರೆಗೆ ಉಳಿದದ್ದನ್ನು ಇಳಿಸುತ್ತಾ ಹೋಗಬೇಕು. ತತ್ವಪದದಲ್ಲಿ ಮಾತು ಮುಳುಗಿದರೆ ಪದವೇ ಮುಳುಗಿದಂತೆ.

ತಳದಲ್ಲಿ ಅತಿ ಹೆಚ್ಚು ಜಗಳ. ಪ್ಯಾಡಿನ ಕಿಕ್, ಕೀಬೋರ್ಡಿನ ಎಡಗೈ ಬೇಸ್, ಕೀಬೋರ್ಡಿನೊಳಗೆ ತಾನೇ ನುಡಿಯುವ ಸಿದ್ಧ ಹಿನ್ನೆಲೆಯ (ಸ್ಟೈಲ್) ಬೇಸ್, ಢೋಲಕ್ಕಿನ ಎಡಮುಖ, ಇವೆಲ್ಲ 50ರಿಂದ 120 ಹರ್ಟ್ಸಿನೊಳಗೆ ನುಗ್ಗುತ್ತವೆ. ಮೂರೂ ನಾಲ್ಕೂ ಅಲ್ಲೇ ನಿಂತರೆ ಕೇಳುವುದು ಗುಡುಗುಡು ಮಾತ್ರ. ಆ ಜಾಗವನ್ನು ಕಿಕ್ಕಿಗೆ ಮತ್ತು ಒಂದೇ ಬೇಸಿಗೆ ಬಿಟ್ಟುಕೊಟ್ಟು, ಉಳಿದ ಟ್ರ್ಯಾಕುಗಳಲ್ಲಿ 80 ಅಥವಾ 100 ಹರ್ಟ್ಸಿನ ಕೆಳಗಿನದನ್ನು ಕತ್ತರಿಸಬೇಕು. ನಡುವಿನಲ್ಲಿ, 250ರಿಂದ 500 ಹರ್ಟ್ಸಿನ ಹತ್ತಿರ, ಸ್ಟ್ರಿಂಗ್ಸ್ ಮತ್ತು ಹಾರ್ಮೋನಿಯಂ ದನಿಗಳು ದಟ್ಟೈಸಿ ಮಂಜು ಕವಿಸುತ್ತವೆ. ಅಲ್ಲಿ ಎರಡು ಮೂರು ಡೆಸಿಬೆಲ್ ಇಳಿಸಿದರೆ ಗಂಟಲು ತೆರೆದಂತಾಗುತ್ತದೆ. ಅಕ್ಷರಗಳ ಸ್ಪಷ್ಟತೆ ಇರುವುದು 2ರಿಂದ 4 ಕಿಲೋಹರ್ಟ್ಸಿನಲ್ಲಿ. ಹಾಡಿನ ಹೊತ್ತಿಗೆ ಕೀಬೋರ್ಡು ಆ ಎತ್ತರದಿಂದ ಸ್ವಲ್ಪ ಹಿಂದೆ ಸರಿದು, ಮಧ್ಯದ ವಾದ್ಯದ ತುಣುಕು ಬಂದಾಗ ಮುಂದೆ ಬರಲಿ.

ಎಕೋ ನಮ್ಮ ವೇದಿಕೆಗಳ ಪ್ರೀತಿಯ ಸಾಮಾನು. ಅದನ್ನು ಬಿಡಬೇಕಿಲ್ಲ, ಲಯಕ್ಕೆ ಕಟ್ಟಬೇಕು. 60,000ವನ್ನು ಹಾಡಿನ ಗತಿಯಿಂದ ಭಾಗಿಸಿದರೆ ಒಂದು ಮಾತ್ರೆಯ ಅವಧಿ ಮಿಲಿಸೆಕೆಂಡಿನಲ್ಲಿ ಸಿಗುತ್ತದೆ. ನಿಮಿಷಕ್ಕೆ 120 ಮಾತ್ರೆಯ ಹಾಡಿಗೆ 500, ಅದರ ಅರ್ಧ 250. ಎಕೋವನ್ನು ಆ ಅಂಕಿಗೆ ಹೊಂದಿಸಿದರೆ ಮರುದನಿ ತಾಳದೊಳಗೇ ಬಂದು ಬೀಳುತ್ತದೆ, ಮಾತನ್ನು ಮುಚ್ಚುವುದಿಲ್ಲ.

ಶ್ರುತಿಯ ವಿಚಾರವನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಂಥ ಹಿಂದೂಸ್ತಾನಿ ಗಾಯಕರನ್ನು ಕೊಟ್ಟ ನೆಲವಿದು. ರಾಯಚೂರಿನ ರಂಗಮಂದಿರಕ್ಕೆ ಅವರದೇ ಹೆಸರಿದೆ. ಶ್ರುತಿಪೆಟ್ಟಿಗೆಯೂ ಕೀಬೋರ್ಡೂ ಒಟ್ಟಿಗೆ ನುಡಿಯುವಾಗ ಎರಡರ ಷಡ್ಜದ ನಡುವೆ 2 ಹರ್ಟ್ಸ್ ವ್ಯತ್ಯಾಸವಿದ್ದರೂ ಸೆಕೆಂಡಿಗೆ ಎರಡು ಸಲ ದನಿ ಅಲುಗಾಡುತ್ತದೆ. ಧ್ವನಿಮುದ್ರಣಕ್ಕೆ ಮೊದಲೇ ಎರಡನ್ನೂ ಕೂಡಿಸಿಕೊಳ್ಳಬೇಕು. ಇನ್ನೊಂದು ಸೂಕ್ಷ್ಮವಿದೆ. ಕೀಬೋರ್ಡಿನ ಮನೆಗಳು ಸಮ ಅಂತರದವು. ತಂಬೂರಿಯ ತಂತಿಯೊಳಗೆ ತಾನಾಗಿ ಮೂಡುವ ಶುದ್ಧ ಗಾಂಧಾರ ಷಡ್ಜದಿಂದ 386 ಸೆಂಟ್ (ಸ್ವರಾಂತರದ ಅಳತೆ) ದೂರದಲ್ಲಿದ್ದರೆ ಕೀಬೋರ್ಡಿನ ಗಾಂಧಾರ 400 ಸೆಂಟಿನಲ್ಲಿದೆ. ದಾಸರ ಪದಕ್ಕೆ ಕೀಬೋರ್ಡು ನುಡಿಸುವಾಗ ಗಾಂಧಾರದ ಮೇಲೆ ಬಹಳ ಹೊತ್ತು ನಿಲ್ಲಬಾರದು. ಸ್ಕೇಲ್ ಟ್ಯೂನಿಂಗ್ ಸೌಲಭ್ಯವಿದ್ದರೆ ಆ ಮನೆಯನ್ನು 14 ಸೆಂಟ್ ಇಳಿಸಿಕೊಳ್ಳಬೇಕು. ಗಾಯಕರಿಗೆ ಅದರಿಂದ ಸಿಗುವ ನೆಮ್ಮದಿ ಮೊದಲ ಸಾಲಿನಲ್ಲೇ ಕಿವಿಗೆ ಗೊತ್ತಾಗುತ್ತದೆ.

ಕೊನೆಯ ಪರೀಕ್ಷೆ ಮೋನೊ. ಗುಡಿಯ ಮೇಲಿನ ಹಾರ್ನ್ ಸ್ಪೀಕರು, ಟ್ರ್ಯಾಕ್ಟರಿನ ಡಬ್ಬಿ, ಸಾದಾ ಮೊಬೈಲು ಇವುಗಳಲ್ಲಿ ಎಡ ಬಲ ಎಂಬ ಭೇದವೇ ಕಾಣದು. ಕೀಬೋರ್ಡಿನ ಎಷ್ಟೋ ದನಿಗಳು ಎಡ ಬಲಗಳ ವ್ಯತ್ಯಾಸದಿಂದಲೇ ಅಗಲವಾಗಿ ಕೇಳುವಂಥವು. ಎರಡನ್ನೂ ಕೂಡಿಸಿದಾಗ ಅವು ತೆಳ್ಳಗಾಗಿ ಮಾಯವಾಗಬಹುದು. ಇಂಥ ಸ್ಪೀಕರುಗಳು ತಳದ ದನಿಯನ್ನೂ ನುಡಿಸಲಾರವು. ಬೇಸಿಗೆ ಸ್ವಲ್ಪ ಡಿಸ್ಟಾರ್ಶನ್ ಬೆರೆಸಿದರೆ ಅದರ ಮೇಲಿನ ಉಪಸ್ವರಗಳು ಹುಟ್ಟಿ, ಸಣ್ಣ ಸ್ಪೀಕರಿನಲ್ಲೂ ಬೇಸಿನ ನಡೆ ತಿಳಿಯುತ್ತದೆ. ಕೇಳುಗರು ಯಾವುದರಲ್ಲಿ ಕೇಳುತ್ತಾರೋ ಅದರಲ್ಲಿ ಕೇಳಿ ನೋಡದೆ ಮಿಕ್ಸ್ ಮುಗಿಯಿತೆನ್ನಬಾರದು.

ಹಲಗೆಯ ದನಿ ಯಾರದು?

ಈಗಿನ ಸ್ಯಾಂಪ್ಲಿಂಗ್ ಪ್ಯಾಡುಗಳಲ್ಲಿ ನಮಗೆ ಬೇಕಾದ ದನಿಯನ್ನು ತುಂಬಿಕೊಳ್ಳಬಹುದು. ಆದರೂ ನಮ್ಮ ವೇದಿಕೆಗಳಲ್ಲಿ ಕೇಳುವ ಬಹುಪಾಲು ದನಿಗಳು ಎಲ್ಲಿಂದಲೋ ನಕಲಾಗಿ ಬಂದವು. ಮೊಹರಂ ಹೊತ್ತಿನಲ್ಲಿ ಅಲಾಯಿ ಕುಣಿಯ ಸುತ್ತ ಬಾರಿಸುವ ಹಲಗೆಯ ದನಿ ಈ ಸೀಮೆಯದೇ. ಕಾಯಿಸಿದ ಚರ್ಮದ ಬಿಗಿ, ಕೋಲು ಬೀಳುವ ಜಾಗ, ಬಾರಿಸುವವರ ಮಣಿಕಟ್ಟು, ಇವು ಊರಿಂದೂರಿಗೆ ಬೇರೆ. ಅದನ್ನು ಗದ್ದಲವಿಲ್ಲದ ಬಯಲಲ್ಲಿ, ಮೆಲ್ಲಗಿನ ಪೆಟ್ಟಿನಿಂದ ಜೋರಿನ ಪೆಟ್ಟಿನವರೆಗೆ ಹಲವು ಹಂತಗಳಲ್ಲಿ ಧ್ವನಿಮುದ್ರಿಸಿ ಪ್ಯಾಡಿಗೆ ತುಂಬಿದರೆ ಯಂತ್ರದ ಬಾಯಲ್ಲೂ ನಮ್ಮ ಊರಿನ ಮಾತು ಬರುತ್ತದೆ. ಬಾರಿಸಿದವರ ಹೆಸರು ಹಾಕುವುದು, ಒಪ್ಪಿಗೆ ಪಡೆಯುವುದು, ಸಂಭಾವನೆ ಕೊಡುವುದು ಈ ಕೆಲಸದ ಮೊದಲ ಷರತ್ತಾಗಬೇಕು. ಒಬ್ಬರ ಕೈಯ ಕಸುಬನ್ನು ಗುಂಡಿಯೊಳಗೆ ಸೇರಿಸಿ ಅವರನ್ನೇ ವೇದಿಕೆಯಿಂದ ಇಳಿಸಿದರೆ ಅದು ಅನ್ಯಾಯ.

ಉಳಿಸುವ ಕೆಲಸ

ಅಹಮದಾಬಾದಿನ ವಿನ್ಯಾಸ ಸಂಸ್ಥೆಯ ಆ ಸ್ಟುಡಿಯೊದಲ್ಲಿ ಮಾಡಿದ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಕೂತಿದ್ದವು. ಬ್ರಿಟನ್ನಿನ ಕಲಾವಿದ ಪಾಲ್ ಪರ್ಗಾಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಆಯ್ದ ಭಾಗಗಳು ಮುದ್ರಿಕೆಯಾಗಿ ಹೊರಬಂದವು. ಸುಮಾರು ಐವತ್ತು ವರ್ಷ ಮರೆತುಹೋಗಿದ್ದ ಸಂಗೀತಕ್ಕೆ ಮತ್ತೆ ಕೇಳುಗರು ಸಿಕ್ಕರು. ಟೇಪು ಇತ್ತು, ಆದ್ದರಿಂದ ಚರಿತ್ರೆ ಇತ್ತು. ನಮ್ಮ ಜಿಲ್ಲೆಗಳ ರಸಮಂಜರಿ ತಂಡಗಳು ಇಷ್ಟು ವರ್ಷ ನುಡಿಸಿದ್ದರಲ್ಲಿ ಅಂಥ ಟೇಪಾಗಿ ಉಳಿದಿರುವುದು ತೀರ ಕಡಿಮೆ. ಆ ಕಲಾವಿದರಲ್ಲಿ ಅನೇಕರಿಗೆ ವಯಸ್ಸಾಗುತ್ತಿದೆ. ಕೀಬೋರ್ಡಿನ ಜಾಗಕ್ಕೆ ಪೆನ್‌ಡ್ರೈವಿನ ಸಿದ್ಧ ಟ್ರ್ಯಾಕ್ ಬಂದು ಕೂರುತ್ತಿದೆ.

ಹಾಗಾಗಿ ಕಲ್ಮಲ, ಮಾನ್ವಿ, ದೇವದುರ್ಗದ ತಂಡಗಳಿಗೆ, ಸೌಂಡ್ ಸಿಸ್ಟಮ್ಮಿನವರಿಗೆ, ಲ್ಯಾಪ್‌ಟಾಪ್ ಬಲ್ಲ ಹುಡುಗ ಹುಡುಗಿಯರಿಗೆ ಒಂದು ವಿನಂತಿ. ಮುಂದಿನ ಜಾತ್ರೆಯ ಕಾರ್ಯಕ್ರಮವೊಂದನ್ನು ಪ್ರತಿ ವಾದ್ಯಕ್ಕೂ ಬೇರೆ ಟ್ರ್ಯಾಕ್ ಮಾಡಿ ಹಿಡಿಯಿರಿ. ಎಂಪಿ3 ಮಾಡಿ ಮೂಲ ಅಳಿಸಬೇಡಿ. ವೇವ್ ಕಡತಗಳನ್ನೇ ಎರಡು ಬೇರೆ ಡಿಸ್ಕುಗಳಲ್ಲಿ, ಎರಡು ಬೇರೆ ಮನೆಗಳಲ್ಲಿ ಇಡಿ. ಕಡತದ ಹೆಸರಿನಲ್ಲೇ ಊರು, ದಿನಾಂಕ, ಹಾಡು ಇರಲಿ. ಪಕ್ಕದಲ್ಲೊಂದು ಹಾಳೆಯಲ್ಲಿ ಯಾರು ಏನು ನುಡಿಸಿದರು, ಯಾವ ಯಂತ್ರ, ಯಾವ ಶ್ರುತಿ ಎಂದು ಕನ್ನಡದಲ್ಲಿ ಬರೆದಿಡಿ. ರಾಯಚೂರು ಆಕಾಶವಾಣಿ, ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಇಂಥ ದಾಖಲೆಗಳನ್ನು ಸ್ವೀಕರಿಸಿ ಕಾಪಾಡುವ ವ್ಯವಸ್ಥೆ ಮಾಡಬೇಕು. ಜಾತ್ರಾ ಸಮಿತಿಗಳು ಲೈಟು, ಶಾಮಿಯಾನಕ್ಕೆ ಹಣ ತೆಗೆದಿಡುವಂತೆ ಧ್ವನಿಮುದ್ರಣಕ್ಕೂ ಒಂದಿಷ್ಟು ತೆಗೆದಿಡಲಿ. ಬೇಕಾದ ಯಂತ್ರಗಳು ಈಗಾಗಲೇ ವೇದಿಕೆಯ ಮೇಲಿವೆ, ನುಡಿಸುವವರೂ ಇದ್ದಾರೆ. ಈ ಸುಗ್ಗಿಯಲ್ಲೇ ಶುರು ಮಾಡಿ.